ಎರಡು ಸಲ ಕರೆದು ವಾಪಸ್ ಕಳಿಸಿದ್ರು. ಹೃದಯ ನಿಂತು ಹೋದವರ ಲಂಗ್ಸ್ ಸರಿ ಇದ್ಯೋ ಇಲ್ವೋ ಅಂತ ಹೇಗೆ ನೋಡ್ತಾರೆ?

ಟೈನ್_ದಂಡೆಯವ:
ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ, ರಾತ್ರಿ ಪೂರ್ತಿ ನಿದ್ದೆ ಇಲ್ಲ. ನಮ್ಮ ಸೋದರಮಾವ ಮೂವತ್ತು ವರ್ಷದಿಂದ ಇಲ್ಲೇ ಇಂಗ್ಲೆಂಡಲ್ಲಿದಾರೆ, ಮೂಲ ಅರಸೀಕೆರೆ ಕಡೆ. ಪಲ್ಮನರಿ ಫೈಬ್ರೋಸಿಸ್, ಅಂದ್ರೆ ಶ್ವಾಸಕೋಶ ನಾರು ನಾರಾಗಿ ಗಟ್ಟಿಯಾಗೋ ಕಾಯಿಲೆ. ಬಚ್ಚಲಿಗೆ ಹೋಗಿ ಬರೋಕೂ ಆಕ್ಸಿಜನ್ ಪೈಪ್ ಎಳ್ಕೊಂಡೇ ಹೋಗ್ಬೇಕು. ಟ್ರಾನ್ಸ್‌ಪ್ಲಾಂಟ್ ಲಿಸ್ಟಲ್ಲಿ ಹೆಸರು ಬಿದ್ದು ಹತ್ತು ತಿಂಗಳಾಯ್ತು.

ಮೊದಲನೇ ಸಲ ಕರೆದಾಗ ಹೋಗಿ, ಸ್ನಾನ ಮಾಡ್ಸಿ, ರಕ್ತ ತಗೊಂಡು, ಗೌನ್ ಹಾಕಿಸಿ ಕೂರ್ಸಿದ್ರು. ನಾಲ್ಕು ಗಂಟೆ ಆದ್ಮೇಲೆ ಕೋಆರ್ಡಿನೇಟರ್ ಬಂದು "ಸಾರಿ, ದಾನಿ ನಾವು ಕಾಯೋ ಸಮಯದೊಳಗೆ ತೀರ್ಕೊಳ್ಳಲಿಲ್ಲ" ಅಂದ್ರು. ಆ ಮಾತು ಕೇಳಿ ನಮ್ಮತ್ತೆ ಮುಖ ನೋಡೋಕಾಗ್ಲಿಲ್ಲ. ಮೊನ್ನೆ ರಾತ್ರಿ ಒಂದೂವರೆಗೆ ಮತ್ತೆ ಫೋನು. ಈ ಸಲ ದಾನಿ ತೀರ್ಕೊಂಡಿದ್ರು, ಲಂಗ್ಸ್ ಹೊರಗೂ ತೆಗೆದಿದ್ರಂತೆ, ಆದ್ರೆ "ನೋಡಿದ್ವಿ, ಚೆನ್ನಾಗಿಲ್ಲ" ಅಂತ ಬೆಳಗಿನ ಜಾವ ಐದಕ್ಕೆ ಮನೆಗೆ ಕಳಿಸಿದ್ರು. ಆಪರೇಷನ್ನಿಗೆ ಅಂತ ಹೊಟ್ಟೆ ಖಾಲಿ ಇಟ್ಕೊಂಡಿದ್ದ ಮಾವ ಕಾರ್ ಪಾರ್ಕಲ್ಲಿ ಕೂತು ಅತ್ತೆ ಕಟ್ಕೊಂಡ್ ಬಂದಿದ್ದ ಮೊಸರನ್ನ ತಿಂದ್ರು, ಒಂದು ಮಾತೂ ಆಡ್ಲಿಲ್ಲ.

ಎರಡೂ ಸಲ "ಡಿಸಿಡಿ ದಾನಿ" ಅಂದ್ರು, ಅಂದ್ರೆ ಬ್ರೇನ್ ಡೆತ್ ಅಲ್ಲ, ಹೃದಯ ನಿಂತು ತೀರ್ಕೊಂಡವರು. ನನ್ನ ಪ್ರಶ್ನೆ ಇಷ್ಟೇ. ರಕ್ತ ಓಡಾಡೋದೇ ನಿಂತ ಮೇಲೆ ಆ ಲಂಗ್ಸ್ ಚೆನ್ನಾಗಿದೆ ಅಂತ ಯಾವ ಧೈರ್ಯದ ಮೇಲೆ ಹೇಳ್ತಾರೆ? ಚೆನ್ನಾಗಿಲ್ಲ ಅಂತಾನಾದ್ರೂ ಹೇಗೆ ಹೇಳ್ತಾರೆ? ಕಣ್ಣಲ್ಲಿ ನೋಡ್ಬಿಟ್ರೆ ಗೊತ್ತಾಗತ್ತಾ?

ಧಾರವಾಡ_ಫೇಡೆ:
ಅಲ್ರಿ, ಹಾರ್ಟ್ ನಿಂತ್ ಮ್ಯಾಲೆ ಐದ್ ನಿಮಿಷದಾಗ ಎಲ್ಲಾ ಮುಗೀತದ ಅಂತಾರಲ್ಲ, ಹಂಗಿದ್ರ ಫುಪ್ಪುಸ ಹೆಂಗ್ ಉಳೀತದ್ರಿ? ನನಗೂ ಇದ ಡೌಟು.

ಪ್ರಶ್ನೆ_ಪರಮೇಶಿ:
ದುಡ್ಡಿದ್ದವನು ಯಾರಾದ್ರೂ ಸಿಕ್ಕಿರ್ತಾನೆ, ಅವನಿಗೆ ಹಾಕಿ ನಿಮಗೆ ಚೆನ್ನಾಗಿಲ್ಲ ಅಂದಿರ್ತಾರೆ. ಎಲ್ಲಾ ಕಡೆ ಅಷ್ಟೇ.

ಚಾಕು_ಹಿಡಿದವ:
@ಪ್ರಶ್ನೆ_ಪರಮೇಶಿ ಸುಮ್ನೆ ಬಾಯಿಗೆ ಬಂದಿದ್ದು ಬರೀಬೇಡಿ ಸ್ವಾಮಿ, ಆ ಮನೆಯವರು ಓದ್ತಿದಾರೆ. ಅಲ್ಲಿ ಹಂಚೋದು ರಕ್ತದ ಗುಂಪು, ಎತ್ತರ, ಕಾಯಿಲೆಯ ತುರ್ತು ನೋಡಿ. 2017 ರಿಂದ ಸೂಪರ್ ಅರ್ಜೆಂಟ್, ಅರ್ಜೆಂಟ್, ನಾನ್ ಅರ್ಜೆಂಟ್ ಅಂತ ಮೂರು ದರ್ಜೆ ಇದೆ. ಫೈಬ್ರೋಸಿಸ್‌ನವರಿಗೆ ಎದೆಗೂಡು ಕುಗ್ಗಿರತ್ತೆ, ದೊಡ್ಡ ಲಂಗ್ಸ್ ಕೂರೋದೇ ಇಲ್ಲ, ಹಾಗಾಗಿ ಅವರಿಗೆ ಜೋಡಿ ಸಿಗೋದು ಇನ್ನೂ ಕಷ್ಟ.

ನಾನು ಈಗ ಮೈಸೂರಲ್ಲಿದೀನಿ, ಮುಂಚೆ ಅಲ್ಲಿ ಎರಡು ವರ್ಷ ಫೆಲೋ ಆಗಿ ರಿಟ್ರೀವಲ್ ಟೀಮಲ್ಲಿ ಓಡಾಡಿದೀನಿ, ಅಂದ್ರೆ ರಾತ್ರೋರಾತ್ರಿ ಗಾಡಿ ಹತ್ತಿ ದಾನಿ ಇರೋ ಆಸ್ಪತ್ರೆಗೆ ಹೋಗಿ ಅಂಗ ತೆಗೆದು ತರೋ ಗುಂಪು. ಓಪಿ, ಅಂದ್ರೆ ಈ ಥ್ರೆಡ್ ಶುರು ಮಾಡಿದವರು, ಕೇಳಿದ್ದು ಸರಿಯಾದ ಪ್ರಶ್ನೆ. ಊಟ ಮಾಡ್ಕೊಂಡು ಬಂದು ಬರೀತೀನಿ.

ಕುಂದಾಪ್ರ_ಹೈದ:
ಊಟಕ್ಕೆ ಎಂತ ಮಾರಾಯ್ರೆ? 😀

ನೈಟ್_ಶಿಫ್ಟ್:
ಡಾಕ್ಟ್ರು ಊಟ ಮಾಡ್ಲಿ, ಅಷ್ಟರಲ್ಲಿ ಮೊದಲನೇ ಸಲ ಏನಾಗಿರತ್ತೆ ಅಂತ ನಾನು ಹೇಳ್ತೀನಿ. ನಾನು ಇಲ್ಲಿ ಐಸಿಯು ನರ್ಸು, ಹನ್ನೊಂದು ವರ್ಷ.

ಬ್ರೇನ್ ಡೆತ್ ಆದ್ರೆ ಪೇಷಂಟ್ ವೆಂಟಿಲೇಟರ್ ಮೇಲೇ ಇರ್ತಾರೆ, ಹೃದಯ ಹೊಡ್ಕೊಳ್ತಾನೇ ಇರತ್ತೆ, ಡಾಕ್ಟ್ರಿಗೆ ನಿಧಾನವಾಗಿ ಪರೀಕ್ಷೆ ಮಾಡೋಕೆ ಟೈಮಿದೆ. ಡಿಸಿಡಿ ಹಾಗಲ್ಲ. ತಲೆಗೆ ತುಂಬಾ ಪೆಟ್ಟು ಬಿದ್ದಿರತ್ತೆ, ಇನ್ನು ಚಿಕಿತ್ಸೆಯಿಂದ ಪ್ರಯೋಜನ ಇಲ್ಲ ಅಂತ ಡಾಕ್ಟ್ರೂ ಮನೆಯವರೂ ಒಪ್ಕೊಂಡಿರ್ತಾರೆ. ಆ ನಿರ್ಧಾರ ಆದ್ಮೇಲೇ ಅಂಗದಾನದ ಮಾತು ಎತ್ತೋದು, ಮುಂಚೆ ಅಲ್ಲ. ಆಮೇಲೆ ಒಂದು ಹೊತ್ತು ಗೊತ್ತು ಮಾಡಿ ವೆಂಟಿಲೇಟರ್ ತೆಗೀತೀವಿ. ಮನೆಯವರು ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತಾರೆ. ರಿಟ್ರೀವಲ್ ಟೀಮು ಥಿಯೇಟರಲ್ಲಿ ಕಾಯ್ತಿರತ್ತೆ, ಅವರು ಈ ಕಡೆ ತಲೆ ಹಾಕೋ ಹಾಗಿಲ್ಲ. ಕೊನೇ ಉಸಿರಿನವರೆಗೂ ಅವರು ನಮ್ಮ ಪೇಷಂಟು, ಅಷ್ಟೇ.

ಕೆಲವರು ಹತ್ತು ನಿಮಿಷಕ್ಕೆ ಹೋಗ್ಬಿಡ್ತಾರೆ. ಕೆಲವರು ತಾವೇ ಉಸಿರಾಡ್ಕೊಂಡು ಇರ್ತಾರೆ, ಮೂರು ಗಂಟೆ, ಐದು ಗಂಟೆ, ಒಂದೊಂದ್ಸಲ ಮಾರನೇ ದಿನದವರೆಗೂ. ಆವಾಗ ಅಂಗಗಳಿಗೆ ರಕ್ತ ಸಾಲದೆ ಹಾಳಾಗ್ತಾ ಹೋಗತ್ತೆ, ಟೀಮು ಬರಿಗೈಲಿ ವಾಪಸ್. ನಾವು ಅದಕ್ಕೆ ಸ್ಟ್ಯಾಂಡ್ ಡೌನ್ ಅಂತೀವಿ. ಓಪಿ, ಆ ಕಡೆ ಮನೆಯವರೂ ಅಳ್ತಾರೆ ಗೊತ್ತಾ, "ಕೊಡೋಣ ಅಂತ ಮನಸ್ಸು ಮಾಡಿದ್ವಿ, ಅದೂ ಆಗ್ಲಿಲ್ಲ" ಅಂತ. ಒಬ್ಬರ ತಾಯಿ ನನ್ನ ಕೈ ಹಿಡ್ಕೊಂಡು ನನಗೇ ಸಾರಿ ಕೇಳಿದ್ರು.

ಟೈನ್_ದಂಡೆಯವ:
ಆ ಕಡೆಯವರ ಬಗ್ಗೆ ನಾನು ಯೋಚನೆನೇ ಮಾಡಿರ್ಲಿಲ್ಲ ಅಕ್ಕ.

ಸುಮಕ್ಕ_ಜಯನಗರ:
ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು. ನಮ್ಮ ಅಪ್ಪು ಕೂಡ ಹೃದಯ ನಿಂತೇ ಹೋಗಿದ್ದು, ಆದ್ರೂ ಕಣ್ಣು ಕೊಟ್ರಲ್ಲ. ಹಾಗಾದ್ರೆ ಲಂಗ್ಸೂ ಕೊಡಬಹುದಿತ್ತಾ?

ಚಾಕು_ಹಿಡಿದವ:
ಇಲ್ಲ ಮೇಡಂ. ಕಾರ್ನಿಯಾಗೆ ರಕ್ತನಾಳಾನೇ ಇಲ್ಲ, ಕೆಲವು ಗಂಟೆ ತಡ ಆದ್ರೂ ತೆಗೀಬಹುದು, ಅದಕ್ಕೇ ಮನೆಗೇ ಬಂದು ತಗೊಂಡು ಹೋಗ್ತಾರೆ. ಲಂಗ್ಸ್‌ಗೆ ಪಕ್ಕದಲ್ಲೇ ಥಿಯೇಟರು, ಟೀಮು ಎಲ್ಲಾ ರೆಡಿ ಇರ್ಬೇಕು.

ಈಗ @ಧಾರವಾಡ_ಫೇಡೆ ಪ್ರಶ್ನೆ. ಕಿಡ್ನಿ, ಲಿವರ್‌ಗೆ ಆಕ್ಸಿಜನ್ ಬರೋದು ರಕ್ತದಿಂದ ಮಾತ್ರ. ಶ್ವಾಸಕೋಶದ ಒಳಗೆ ಗಾಳಿ ಇದೆ ನೋಡಿ, ಅದರ ಜೀವಕೋಶ ಪಕ್ಕದ ಗಾಳಿಯಿಂದಲೇ ನೇರ ಆಕ್ಸಿಜನ್ ಎಳ್ಕೊಳ್ಳತ್ತೆ. ರಕ್ತ ನಿಂತ್ರೂ ಉಬ್ಬಿಸಿ ಇಟ್ರೆ ಒಂದಷ್ಟು ಹೊತ್ತು ತಡ್ಕೊಳ್ಳತ್ತೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಥಾಮಸ್ ಈಗನ್ ಅನ್ನೋರು 1991 ರಲ್ಲೇ ನಾಯಿಗಳ ಮೇಲೆ ಇದನ್ನ ತೋರಿಸಿದ್ರು. ಇನ್ನೂ ಹಿಂದಕ್ಕೆ ಹೋದ್ರೆ, 1963 ರಲ್ಲಿ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಹಾರ್ಡಿ ಮನುಷ್ಯನಿಗೆ ಮೊದಲನೇ ಲಂಗ್ ಕಸಿ ಮಾಡಿದಾಗ ದಾನಿ ಹಾರ್ಟ್ ಅಟ್ಯಾಕ್ ಆಗಿ ತೀರ್ಕೊಂಡವರೇ, ಬ್ರೇನ್ ಡೆತ್ ಅನ್ನೋ ಹಾರ್ವರ್ಡ್ ವ್ಯಾಖ್ಯೆ ಬಂದಿದ್ದೇ 1968 ರಲ್ಲಿ. ಅಂದ್ರೆ ಇದು ಹೊಸದಲ್ಲ, ಹಳೇ ದಾರಿಗೇ ಮತ್ತೆ ಬಂದಿದೀವಿ.

ಕುಂದಾಪ್ರ_ಹೈದ:
ಆ 1963 ರ ಪೇಷಂಟ್ ಎಷ್ಟ್ ದಿನ ಬದುಕಿದ್ದ?

ಚಾಕು_ಹಿಡಿದವ:
18 ದಿನ. ಲಂಗ್ಸ್ ಕೆಲಸ ಮಾಡ್ತಿತ್ತು, ಕಿಡ್ನಿ ಕೈ ಕೊಡ್ತು. ಒಂದು ಲಂಗ್ ಹಾಕಿಸ್ಕೊಂಡವರು ನಿಜವಾಗಿ ಮನೆಗೆ ಹೋಗಿ ವರ್ಷಗಟ್ಲೆ ಬದುಕಿದ್ದು 1983 ರಲ್ಲಿ, ಟೊರಾಂಟೊದಲ್ಲಿ ಜೋಯಲ್ ಕೂಪರ್ ಮಾಡಿದ ಆಪರೇಷನ್ನು.

ಪರೀಕ್ಷೆ ವಿಷಯಕ್ಕೆ ಬರ್ತೀನಿ. ವೆಂಟಿಲೇಟರ್ ತೆಗೆಯೋ ಮುಂಚೆ ಕೈಲಿರೋದು: ವಯಸ್ಸು, ಎಷ್ಟು ಸಿಗರೇಟು, ಎಕ್ಸ್‌ರೇ ಅಥವಾ ಸಿಟಿ, ಮತ್ತೆ ಬ್ಲಡ್ ಗ್ಯಾಸ್. ನೂರಕ್ಕೆ ನೂರು ಆಕ್ಸಿಜನ್ ಕೊಟ್ಟು ಅಪಧಮನಿ ರಕ್ತದಲ್ಲಿ ಆಕ್ಸಿಜನ್ ಒತ್ತಡ 300 ಎಂಎಂ ಮೇಲಿದ್ರೆ ಒಳ್ಳೇದು ಅಂತ ಪಾಠ. ಆಮೇಲೆ ಟ್ಯೂಬ್ ತೆಗೀತಾರೆ, ಅಲ್ಲಿಂದ ಮುಂದೆ ನಮಗೆ ಕತ್ತಲೆ. ಹೊಟ್ಟೇಲಿರೋದು ಶ್ವಾಸನಾಳಕ್ಕೆ ಹೋಗಿರಬಹುದು, ಬಿಪಿ ಬಿದ್ದು ಬಿದ್ದು ಎಳೆದಾಡಿರಬಹುದು. ಬಿಪಿ ಮೇಲಿನ ನಂಬರ್ 50 ಕ್ಕಿಂತ ಕೆಳಗೆ ಹೋದ ಕ್ಷಣದಿಂದ ನಾವು ಗಡಿಯಾರ ಒತ್ತೋದು, ಲಂಗ್ಸ್‌ಗೆ ಹೆಚ್ಚೂಕಮ್ಮಿ ಒಂದು ಗಂಟೆ ಲೆಕ್ಕ, ಕೆಲವು ಸೆಂಟರ್ ಇನ್ನೂ ಎಳೀತಾರೆ.

ಹೃದಯ ನಿಂತ ಮೇಲೆ ಐದು ನಿಮಿಷ ಯಾರೂ ಮುಟ್ಟಂಗಿಲ್ಲ. ಸಾವು ಖಚಿತ ಆದ್ಮೇಲೆ ಥಿಯೇಟರಿಗೆ ಓಡು, ಮತ್ತೆ ಟ್ಯೂಬ್ ಹಾಕು, ಒಂದೇ ಒಂದು ಸಲ ಲಂಗ್ಸ್ ಉಬ್ಬಿಸಿ ಹಾಗೇ ಹಿಡಿದಿಡು. ಒಳಗೆ ಬ್ರಾಂಕೋಸ್ಕೋಪ್, ಅಂದ್ರೆ ಕ್ಯಾಮೆರಾ ಇರೋ ನಳಿಗೆ, ಹಾಕಿ ಕೀವು, ಹೊಟ್ಟೆ ರಸ ಇದ್ಯಾ ನೋಡು. ಎದೆ ತೆರೆದು ತಣ್ಣನೆ ದ್ರವ ಓಡಿಸಿ ತೊಳಿ. ಇಂಗ್ಲೆಂಡಲ್ಲಿ ಸಾವಿಗೆ ಮುಂಚೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧಿ) ಕೊಡಲ್ಲ, ಅಮೆರಿಕ ಕೆನಡಾದಲ್ಲಿ ಕೊಡೋದುಂಟು, ಹಾಗಾಗಿ ಹೆಪ್ಪುಗಟ್ಟಿದ ರಕ್ತದ ಭಯ ಇದ್ದೇ ಇದೆ. ಅದಕ್ಕೆ ಹಿಮ್ಮುಖವಾಗಿ ಅಭಿಧಮನಿ ಕಡೆಯಿಂದ ನೀರು ಬಿಟ್ಟ ಹಾಗೆ ಬಿಡ್ತೀವಿ. ಆವಾಗ ಹೆಪ್ಪಿನ ಚೂರು ಹೊರಗೆ ಬಂದ್ರೆ ಒಂಥರಾ ಎದೆ ಝಲ್ ಅನ್ಸತ್ತೆ.

ಆಮೇಲೆ ಕೈ. ಹೌದು ಓಪಿ, ಕಣ್ಣು ಮತ್ತೆ ಕೈ. ಬ್ರೇನ್ ಡೆತ್ ಆದವರಲ್ಲಿ ಒಂದೊಂದು ಪಲ್ಮನರಿ ವೇನ್‌ನಿಂದಲೂ (ಲಂಗ್ಸಿಂದ ಹೃದಯಕ್ಕೆ ಹೋಗೋ ರಕ್ತನಾಳ) ರಕ್ತ ತೆಗೆದು ಯಾವ ಭಾಗ ಕೆಲಸ ಮಾಡ್ತಿದೆ ಅಂತ ಬೇರೆ ಬೇರೆ ಅಳೀಬಹುದು. ಇಲ್ಲಿ ರಕ್ತವೇ ಓಡ್ತಿಲ್ಲ, ಅಳೆಯೋದೇನು? ಒಳ್ಳೇ ಲಂಗ್ಸ್ ಸೆಟ್ ದೋಸೆ ಥರ, ಒತ್ತಿದ್ರೆ ಹಗುರ, ಕೈ ತೆಗೆದ್ರೆ ಮೇಲೆ ಬರತ್ತೆ. ನೀರು ತುಂಬಿರೋದು ಭಾರ, ಒತ್ತಿದ್ರೆ ಬೆರಳ ಗುರುತು ನಿಲ್ಲತ್ತೆ. ಗಂಟು ಸಿಕ್ಕಿದ್ರೆ ಕ್ಯಾನ್ಸರ್ ಭಯ. ಕೊನೇಲಿ ಟ್ಯೂಬ್ ಬಿಚ್ಚಿ ನೋಡ್ತೀವಿ, ಚೆನ್ನಾಗಿರೋದು ಟಪ್ ಅಂತ ಕುಗ್ಗತ್ತೆ, ಕೆಟ್ಟಿರೋದು ಉಬ್ಬಿದ ಹಾಗೇ ಕೂತಿರತ್ತೆ.

ಧಾರವಾಡ_ಫೇಡೆ:
ಸೆಟ್ ದೋಸಿ ಅಂದ್ರಲ್ರಿ ಡಾಕ್ಟರ, ನಾಳೆ ಮುಂಜಾನೆ ನಾ ಏನ್ ತಿನ್ಲಿ 🙏

ಕುಂದಾಪ್ರ_ಹೈದ:
ನೀರ್‌ದೋಸೆ ತಿನ್ನಿ, ಅದ್ ಸೇಫ್.

ಪ್ರಶ್ನೆ_ಪರಮೇಶಿ:
ಐದೇ ನಿಮಿಷನಾ? ಐದು ನಿಮಿಷಕ್ಕೆ ಸತ್ತ ಅಂತ ಬರ್ಕೊಂಡು ಎದೆ ಕೊಯ್ಯೋದಾ? ಇದಕ್ಕೇ ಜನ ಅಂಗದಾನ ಅಂದ್ರೆ ಹೆದರೋದು. ಇದು ತಮಾಷೆ ಅಲ್ಲ, ನಮ್ಮಜ್ಜಿ ಚಟ್ಟದ ಮೇಲೆ ಎದ್ದು ಕೂತವರ ಕಥೆ ಹೇಳ್ತಿದ್ರು.

ನೈಟ್_ಶಿಫ್ಟ್:
ಅಜ್ಜಿ ಕಾಲದಲ್ಲಿ ಮಾನಿಟರ್ ಇರ್ಲಿಲ್ಲ ಅಣ್ಣ. ಇಲ್ಲಿ ಐದು ನಿಮಿಷ ಪೂರ್ತಿ ನೋಡ್ತೀವಿ, ಮಧ್ಯದಲ್ಲಿ ಒಂದು ಬಡಿತ ಬಂದ್ರೂ ಮತ್ತೆ ಸೊನ್ನೆಯಿಂದ ಐದು. ಇವರಿಗೆ ಮತ್ತೆ ಎದೆ ಒತ್ತಿ ಬದುಕಿಸೋ ಪ್ರಯತ್ನ ಬೇಡ ಅಂತ ಮೊದಲೇ ತೀರ್ಮಾನ ಆಗಿರತ್ತೆ.

ಚಾಕು_ಹಿಡಿದವ:
ಪರಮೇಶಿ ಅವರು ಈ ಸಲ ಕೇಳಿದ್ದು ನ್ಯಾಯವಾದ ಪ್ರಶ್ನೆ. ದೇಶ ದೇಶಕ್ಕೂ ಬೇರೆ. ಇಟಲಿಯಲ್ಲಿ 20 ನಿಮಿಷ ಕಾಯ್ಬೇಕು ಅಂತ ಕಾನೂನು, ಅಷ್ಟು ಕಾದ ಮೇಲೂ ಅವರು ಲಂಗ್ಸ್ ತೆಗೆದು ಹಾಕಿದಾರೆ, ಅಂದ್ರೆ ಲಂಗ್ಸ್ ಎಷ್ಟು ಗಟ್ಟಿ ನೋಡಿ. ನಾನು ಮೇಲೆ "ಒಂದೇ ಒಂದು ಸಲ ಉಬ್ಬಿಸಿ ಹಿಡಿ" ಅಂದೆನಲ್ಲ, ಅದೂ ಇದೇ ಭಯಕ್ಕೆ. ವೆಂಟಿಲೇಟರ್ ಹಾಕಿ ಸರಾಗ ಉಸಿರಾಡ್ಸಿದ್ರೆ ಹೃದಯಕ್ಕೆ ಆಕ್ಸಿಜನ್ ಸಿಕ್ಕಿ ಮತ್ತೆ ಹೊಡ್ಕೊಂಡು, ಮಿದುಳಿಗೆ ರಕ್ತ ಹೋಗ್ಬಿಟ್ರೆ? ಅದಾಗಬಾರದು ಅಂತ, ಮಿದುಳಿಗೆ ರಕ್ತ ಹೋಗೋ ದಾರಿ ಮುಚ್ಚಿದೆ ಅಂತ ಖಾತ್ರಿ ಆಗೋವರೆಗೂ ವೆಂಟಿಲೇಟರ್ ಓಡಿಸಲ್ಲ.

ಪ್ರಶ್ನೆ_ಪರಮೇಶಿ:
ಸರಿ. ಇದನ್ನ ಮೊದಲೇ ಹೇಳಿದ್ರೆ ನಾನ್ಯಾಕೆ ಕಿತಾಪತಿ ಮಾಡ್ತಿದ್ದೆ.

ಪಂಪ್_ಪದ್ಮಿನಿ:
ಟೊರಾಂಟೊದಿಂದ ಪರ್ಫ್ಯೂಷನಿಸ್ಟ್, ಅಂದ್ರೆ ಆಪರೇಷನ್ನಲ್ಲಿ ರಕ್ತದ ಪಂಪ್ ಮೆಷಿನ್ ನೋಡ್ಕೊಳ್ಳೋಳು. ತಡವಾಗಿ ಬಂದೆ ಕ್ಷಮಿಸಿ. ಡಾಕ್ಟ್ರು "ರಕ್ತವೇ ಓಡ್ತಿಲ್ಲ, ಅಳೆಯೋದೇನು" ಅಂದ್ರಲ್ಲ, ಅದಕ್ಕೇ ನಮ್ಮ ಮೆಷಿನ್ ಇರೋದು 😊 ಇವಿಎಲ್‌ಪಿ ಅಂತ, ಲಂಗ್ಸನ್ನ ಮೈಯಿಂದ ಹೊರಗಿಟ್ಟು ದ್ರವ ಓಡಿಸಿ ಪರೀಕ್ಷೆ ಮಾಡೋದು. ಮೊದಲು ಮಾಡಿದ್ದು ಸ್ವೀಡನ್ನಿನ ಲುಂಡ್‌ನಲ್ಲಿ ಸ್ಟಿಗ್ ಸ್ಟೀನ್, 2000 ದಲ್ಲಿ. ಹಾರ್ಟ್ ಅಟ್ಯಾಕ್ ಆಗಿ ಸಿಪಿಆರ್ ಕೊಟ್ರೂ ಉಳೀದೆ ಹೋದ ಒಬ್ಬರ ಎದೆಯೊಳಗೆ ತಣ್ಣನೆ ದ್ರವ ತುಂಬಿ ಲಂಗ್ಸ್ ಕಾಪಾಡಿ, ಹೊರಗೆ ತೆಗೆದು ಮೆಷಿನ್ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಒಬ್ಬ ಹೆಂಗಸಿಗೆ ಹಾಕಿದ್ರು. ಇವತ್ತಿಗೂ ನಾವು ಬಳಸೋ ದ್ರವಕ್ಕೆ ಅವರದ್ದೇ ಹೆಸರು, ಸ್ಟೀನ್ ಸಲ್ಯೂಷನ್.

ಮಾಡೋದು ಹೀಗೆ. ಪಾರದರ್ಶಕ ಮುಚ್ಚಳದ ಡಬ್ಬಿಯಲ್ಲಿ ಲಂಗ್ಸ್ ಇಟ್ಟು, ನಿಧಾನವಾಗಿ 37 ಡಿಗ್ರಿಗೆ ಬಿಸಿ ಮಾಡ್ತಾ ಪಂಪಿನಿಂದ ದ್ರವ ಓಡಿಸ್ತೀವಿ. ಪೂರ್ತಿ ಅಲ್ಲ, ಹೃದಯ ಪಂಪ್ ಮಾಡೋದರ ಶೇಕಡಾ 40 ಅಷ್ಟೇ, ಜಾಸ್ತಿ ಮಾಡಿದ್ರೆ ನೀರು ತುಂಬ್ಕೊಳ್ಳತ್ತೆ. ಬಿಸಿ ಏರಿದ ಮೇಲೆ ನಿಮಿಷಕ್ಕೆ ಏಳು ಉಸಿರು. ಮೊದಲನೇ ಸಲ ನೋಡಿದಾಗ ನಾನು ಮಾತೇ ಆಡ್ಲಿಲ್ಲ, ಯಾರ ಮೈಯೂ ಇಲ್ಲದೆ ಡಬ್ಬಿಯಲ್ಲಿ ಉಸಿರಾಡ್ತಿತ್ತು. ನಾಲ್ಕರಿಂದ ಆರು ಗಂಟೆ ಕೂತು, ಗಂಟೆಗೊಂದು ಸಲ ಆಕ್ಸಿಜನ್, ಒತ್ತಡ, ಎಕ್ಸ್‌ರೇ, ಬ್ರಾಂಕೋಸ್ಕೋಪಿ. ನಮ್ಮವರು 2011 ರಲ್ಲಿ ಬರೆದ ಲೆಕ್ಕದಲ್ಲಿ ಅನುಮಾನ ಇದ್ದ 23 ಜೋಡಿಯಲ್ಲಿ 20 ಹಾಕೋಕೆ ಬಂತು.

ಒಂದು ಒಳಗುಟ್ಟು ಹೇಳ್ತೀನಿ. ಎಲ್ರೂ ಆಕ್ಸಿಜನ್ ನಂಬರ್ ನೋಡ್ತಾರೆ, ಅದು ಮೋಸ ಮಾಡತ್ತೆ. ನಮ್ಮ ದ್ರವದಲ್ಲಿ ಕೆಂಪು ರಕ್ತಕಣ ಇಲ್ಲ, ಹಿಮೋಗ್ಲೋಬಿನ್ ಇಲ್ಲ. ಹಾಗಾಗಿ ಲಂಗ್ಸಿನ ಒಂದು ಭಾಗ ಕೆಟ್ಟಿದ್ರೂ ಆಕ್ಸಿಜನ್ ನಂಬರ್ ಚೆನ್ನಾಗೇ ಕಾಣತ್ತೆ. ಮೊದಲು ಬೀಳೋದು ಕಂಪ್ಲಯನ್ಸ್, ಅಂದ್ರೆ ಲಂಗ್ಸ್ ಹಿಗ್ಗೋ ಗುಣ. ಗಾಳಿ ತುಂಬೋಕೆ ಗಂಟೆಗೆ ಗಂಟೆಗೆ ಒತ್ತಡ ಜಾಸ್ತಿ ಬೇಕಾಗ್ತಿದೆ ಅಂದ್ರೆ ನಂಬರ್ ಎಷ್ಟೇ ಚಂದ ಇದ್ರೂ ನಮ್ಮ ಸರ್ಜನ್ ತಲೆ ಅಲ್ಲಾಡಿಸ್ತಾರೆ.

ಟೈನ್_ದಂಡೆಯವ:
ಇದು ಓದಿ ಇನ್ನೂ ಸಿಟ್ಟು ಬಂತು. ಇಂಥ ಮೆಷಿನ್ ಇದ್ರೆ ಮೊನ್ನೆ ಆ ಲಂಗ್ಸ್ ಯಾಕೆ ಅದರ ಮೇಲೆ ಇಟ್ಟು ನೋಡ್ಲಿಲ್ಲ? ಕೈಲಿ ಒತ್ತಿ ನೋಡಿ ಬೇಡ ಅಂದ್ಬಿಟ್ರಾ?

ಚಾಕು_ಹಿಡಿದವ:
ಸಿಟ್ಟು ಅರ್ಥ ಆಗತ್ತೆ. ಆದ್ರೆ ಮೆಷಿನ್ ಏನು ದೇವರಲ್ಲ. ಇಂಗ್ಲೆಂಡಿನ ಐದು ಸೆಂಟರ್ ಸೇರಿ ಡೆವಲಪ್-ಯುಕೆ ಅಂತ ಒಂದು ಟ್ರಯಲ್ ಮಾಡಿದ್ರು, ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಮೆಷಿನ್ ಮೇಲಿಟ್ಟ ಲಂಗ್ಸ್ ಪಡೆದವರಲ್ಲಿ ಶುರುವಿನಲ್ಲೇ ಎಕ್ಮೋ (ಮೈ ಹೊರಗೆ ರಕ್ತಕ್ಕೆ ಆಕ್ಸಿಜನ್ ತುಂಬೋ ಮೆಷಿನ್) ಬೇಕಾಗಿದ್ದು ಜಾಸ್ತಿ, ಖರ್ಚೂ ಜಾಸ್ತಿ.

ಪಂಪ್_ಪದ್ಮಿನಿ:
ಅದರಲ್ಲಿ ಇವಿಎಲ್‌ಪಿಗೆ ಹೋಗಿದ್ದು ಮೊದಲೇ ಅನುಮಾನದ ಲಂಗ್ಸ್, ಇನ್ನೊಂದು ಗುಂಪಿನಲ್ಲಿ ಒಳ್ಳೇ ಲಂಗ್ಸ್. ಸಮ ಸಮ ಹೋಲಿಕೆ ಅಲ್ಲ ಅದು ಸಾರ್.

ಚಾಕು_ಹಿಡಿದವ:
ಒಪ್ಪಿದೆ. ಆದ್ರೆ ಪೇಷಂಟ್ ಮನೆಯವರಿಗೆ ನಾನು ಹೇಳಬೇಕಾಗಿರೋದು ಫಲಿತಾಂಶ ಅಲ್ವಾ? ನಿಮ್ಮಲ್ಲಿ ಅದು ದಿನನಿತ್ಯದ ಕೆಲಸ, ಕೈ ಪಳಗಿದೆ. ಅಲ್ಲಿ ಅಷ್ಟು ಪಳಗಿರ್ಲಿಲ್ಲ.

ಪಂಪ್_ಪದ್ಮಿನಿ:
ಅದು ಬೇಕಾದ್ರೆ ಒಪ್ತೀನಿ. ಮತ್ತೆ ಓಪಿ, ಹೊಟ್ಟೆ ರಸ ಒಳಗೆ ಹೋಗಿ ಸುಟ್ಟಿರೋದು, ಗಂಟು ಸಿಕ್ಕಿರೋದು, ಇಂಥದ್ದನ್ನ ಯಾವ ಪಂಪೂ ಸರಿ ಮಾಡಲ್ಲ. ಮೆಷಿನ್ ಇರೋದು ಅನುಮಾನಕ್ಕೆ. ಖಚಿತವಾಗಿ ಕೆಟ್ಟಿದ್ರೆ ಅಲ್ಲೇ ಬಿಡ್ತೀವಿ.

ಸುಮಕ್ಕ_ಜಯನಗರ:
ಸಿಗರೇಟ್ ಸೇದೋರದ್ದು ತಗೋತಾರಾ? ನಮ್ಮ ಮನೆಯವರು ಫಾರ್ಮ್ ತುಂಬೋಕೆ ಹೋಗಿ "ನನ್ನದು ಯಾರಿಗೆ ಬೇಕು" ಅಂತ ವಾಪಸ್ ಬಂದ್ರು.

ಚಾಕು_ಹಿಡಿದವ:
ತಗೋತಾರೆ. 2012 ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ ಲೆಕ್ಕದಲ್ಲಿ 10 ರಲ್ಲಿ 4 ಲಂಗ್ಸ್ ಸೇದೋರದ್ದೇ. ಸೇದದೇ ಇರೋರದ್ದಕ್ಕಿಂತ ಫಲಿತಾಂಶ ಸ್ವಲ್ಪ ಕಮ್ಮಿ, ಆದ್ರೆ ಬೇಡ ಅಂತ ಕಾಯ್ತಾ ಕೂತವರಿಗಿಂತ ಹಾಕಿಸ್ಕೊಂಡವರು ಹೆಚ್ಚು ಬದುಕಿದ್ರು. ಫಾರ್ಮ್ ತುಂಬ್ಸಿ ಮೇಡಂ, ಹಾಗೇ ಸೇದೋದೂ ಬಿಡ್ಸಿ.

ವಕೀಲ_ಹುಬ್ಬಳ್ಳಿ:
ನಮ್ಮಲ್ಲಿ ಈ ಡಿಸಿಡಿ ಕಾನೂನಿನ ಪ್ರಕಾರ ನಡೀತದೋ ಇಲ್ಲೋ ಅಂತ ಯಾರೂ ಕೇಳ್ಲಿಲ್ಲ, ನಾನೇ ಹೇಳ್ತೀನಿ. 1994 ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಸತ್ತವರು ಅಂದ್ರೆ ಬ್ರೇನ್ ಸ್ಟೆಮ್ ಡೆತ್ ಅಥವಾ ಹೃದಯ-ಶ್ವಾಸ ನಿಂತು ಆದ ಸಾವು, ಎರಡೂ ಅದ. ಚಂಡೀಗಢದ ಪಿಜಿಐ ಆಸ್ಪತ್ರೆಯಾಗ ಈ ದಾರಿಲೇ ಕಿಡ್ನಿ ತೆಗೆದಾರ. ತೊಡಕು ಇದ್ದಿದ್ದು ವೆಂಟಿಲೇಟರ್ ತೆಗೆಯೋದ್ರಾಗ. 2018 ರಾಗ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯೋ ಹಕ್ಕು ಒಪ್ಪಿತು, 2023 ರಾಗ ವಿಧಾನ ಸುಲಭ ಮಾಡಿತು, 2025 ರ ಜನವರಿಯೊಳಗ ಕರ್ನಾಟಕ ಸರ್ಕಾರ ಅದನ್ನ ಜಾರಿ ಮಾಡ್ಲಿಕ್ಕೆ ಸುತ್ತೋಲೆ ಹೊರಡಿಸಿತು. ಆದ್ರ ಸುತ್ತೋಲೆ ಬಂದ ಮಾತ್ರಕ್ಕ ಮರುದಿನ ಲಂಗ್ಸ್ ಸಿಗ್ತಾವಂತ ಅಲ್ಲ.

ಚಾಕು_ಹಿಡಿದವ:
ಸರಿಯಾಗಿ ಹೇಳಿದ್ರಿ. ಇಲ್ಲಿ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆ ಮೂಲಕ ಆಗೋದು ಬಹುತೇಕ ಬ್ರೇನ್ ಡೆತ್ ಆದವರದ್ದೇ. ಸಂಚಾರಿ ವಿಜಯ್ ಅವರ ಮನೆಯವರು 2021 ರಲ್ಲಿ ಕೊಟ್ಟಿದ್ದೂ ಹಾಗೇ. ಅದೇ ಇನ್ನೂ ಸಾಲ್ತಿಲ್ಲ.

ಕುಂದಾಪ್ರ_ಹೈದ:
ಬೆಂಗ್ಳೂರಲ್ ಗ್ರೀನ್ ಕಾರಿಡಾರ್ ಮಾಡ್ರೂ ಸಿಲ್ಕ್ ಬೋರ್ಡ್ ದಾಟುಕೆ ದೇವ್ರೇ ಬರ್ಕ್.

ಮಾಡರೇಟರ್:
ಟ್ರಾಫಿಕ್‌ಗೆ ಬೇರೆ ಥ್ರೆಡ್ ಇದೆ, ಅಲ್ಲಿ ಈಗಾಗ್ಲೇ 400 ಕಾಮೆಂಟ್ ಇದೆ. ದಯವಿಟ್ಟು.

ಟೈನ್_ದಂಡೆಯವ:
ಅಪ್‌ಡೇಟ್. ಇವತ್ತು ಕ್ಲಿನಿಕ್ಕಿಗೆ ಹೋಗಿದ್ವಿ. ನಿಮ್ಮಿಂದ ಕಲ್ತಿದ್ದು ಇಟ್ಕೊಂಡು ನೇರವಾಗಿ ಕೇಳಿದೆ, "ಆಸ್ಪಿರೇಷನ್ನಾ (ಹೊಟ್ಟೆ ರಸ ಒಳಗೆ ಹೋಗಿದ್ದಾ), ನೀರಾ, ಗಂಟಾ?" ಆ ಡಾಕ್ಟರ್ ಒಂದು ಕ್ಷಣ ನನ್ನನ್ನೇ ನೋಡಿದ್ರು. ದಾನಿ ವಿವರ ಹೇಳೋ ಹಾಗಿಲ್ಲ, ಆದ್ರೆ ಇಷ್ಟು ಹೇಳ್ತೀನಿ ಅಂತ, ಕೆಳಗಿನ ಭಾಗ ಎರಡೂ ಕಡೆ ಗಟ್ಟಿಯಾಗಿತ್ತು, ಉಬ್ಬಿಸಿದ್ರೂ ಬಿಡಿಸ್ಕೊಳ್ಳಲಿಲ್ಲ, ಟ್ಯೂಬ್ ಬಿಚ್ಚಿದ್ರೆ ಕುಗ್ಗಲಿಲ್ಲ ಅಂದ್ರು. ಮಾವ "ಹಂಗಾದ್ರೆ ಅದು ನಂದರ ಥರಾನೇ ಇತ್ತು ಬಿಡಿ, ಬದಲಾಯಿಸ್ಕೊಂಡು ಏನ್ ಉಪಯೋಗ" ಅಂದ್ರು, ಅತ್ತೆ ಎಷ್ಟೋ ದಿನದ ಮೇಲೆ ನಕ್ಕರು.

ಇನ್ನೊಂದು ಕೇಳಿದೆ, ಮುಂದಿನ ಸಲ ಡಿಸಿಡಿ ಬೇಡ, ಬ್ರೇನ್ ಡೆತ್ ಆದವರದ್ದೇ ಬೇಕು ಅನ್ನಬಹುದಾ ಅಂತ.

ಪಂಪ್_ಪದ್ಮಿನಿ:
ಅನ್ಬೇಡಿ! ಆರಿಸಿ ತೆಗೆದ ಡಿಸಿಡಿ ಲಂಗ್ಸ್ ಹಾಕಿಸ್ಕೊಂಡವರು ಐದು ವರ್ಷದ ಲೆಕ್ಕದಲ್ಲಿ ಇನ್ನೊಂದು ಗುಂಪಿನವರಷ್ಟೇ ಬದುಕಿದಾರೆ, ಅಂತರರಾಷ್ಟ್ರೀಯ ರಿಜಿಸ್ಟ್ರಿಯಲ್ಲೇ ಇದೆ. ಬ್ರಿಟನ್ನಲ್ಲಿ ದಾನಿಗಳಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಡಿಸಿಡಿ, ಅದನ್ನ ಬಿಟ್ರೆ ಬಾಗಿಲು ಅರ್ಧ ಮುಚ್ಕೊಂಡ ಹಾಗೆ.

ಟೈನ್_ದಂಡೆಯವ:
ಅವರೂ ಅದನ್ನೇ ಹೇಳಿದ್ರು. ಮಾವ ಸರಿ ಅಂದ್ರು, ಎರಡಕ್ಕೂ ಒಪ್ಕೊಂಡಿದೀವಿ. ಇನ್ನೂ ಎಷ್ಟು ಸಲ ಹೀಗೆ ಕರೆದು ಕಳಿಸ್ತಾರೋ.

ನೈಟ್_ಶಿಫ್ಟ್:
ನನಗೆ ಗೊತ್ತಿರೋ ಒಬ್ಬರು ಆರನೇ ಸಲಕ್ಕೆ ಹಾಕಿಸ್ಕೊಂಡ್ರು. ಬ್ಯಾಗ್ ಬಿಚ್ಚಬೇಡಿ, ಬಾಗಿಲ ಹತ್ರಾನೇ ಇಟ್ಟಿರಿ. ಚಾರ್ಜರ್ ಎರಡು, ಉದ್ದ ವೈರಿಂದು. ಆಕ್ಸಿಜನ್ ಸಿಲಿಂಡರ್ ವಾಪಸ್ ಬರೋ ದಾರಿಗೂ ಸಾಲೋ ಅಷ್ಟು.

ಧಾರವಾಡ_ಫೇಡೆ:
ಮತ್ತ ಮೊಸರನ್ನ.

ಟೈನ್_ದಂಡೆಯವ:
ಅತ್ತೆ ಮುಂದಿನ ಸಲ ಮೊಸರನ್ನ ತರಲ್ಲ ಅಂತ ಹಠ ಹಿಡಿದಿದಾರೆ, ತಂದ್ರೆ ವಾಪಸ್ ಕಳಿಸ್ತಾರೆ ಅಂತ. ಚಿತ್ರಾನ್ನ ಅಂತೆ.